ಪಿನ್ ನಂಬರನ್ನು ಯೋಚಿಸಿ ಇಡಬೇಡಿ, ಚೀಟಿ ಎತ್ತಿ

ನಾಲ್ಕಂಕಿ ಪಿನ್ ಅಂದರೆ 0000ಯಿಂದ 9999ರವರೆಗೆ ಒಟ್ಟು 10,000 ನಂಬರ್. ಎಟಿಎಂನಲ್ಲಿ ಸಾಮಾನ್ಯವಾಗಿ ಮೂರು ಸಲ ತಪ್ಪು ಒತ್ತಿದರೆ ಕಾರ್ಡ್ ಬ್ಲಾಕ್ ಆಗುತ್ತದೆ. ಅಂದಮೇಲೆ ಕಳ್ಳನಿಗಿರುವ ಚಾನ್ಸ್ ಹತ್ತು ಸಾವಿರದಲ್ಲಿ ಮೂರು, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನಿಸುತ್ತದೆ ಅಲ್ವಾ? ಆದರೆ ಜನ ಎಲ್ಲ ನಂಬರನ್ನೂ ಒಂದೇ ಸಮನಾಗಿ ಇಟ್ಟುಕೊಂಡರೆ ಮಾತ್ರ ಈ ಲೆಕ್ಕ ಸರಿ. ಯಾರೂ ಹಾಗೆ ಇಟ್ಟುಕೊಳ್ಳುವುದಿಲ್ಲ.

ನಿಮ್ಮ ಪರ್ಸ್ ಕಳೆದುಹೋಯಿತು ಅಂದುಕೊಳ್ಳಿ. ಅದರಲ್ಲಿ ಎಟಿಎಂ ಕಾರ್ಡ್ ಇದೆ, ಪಕ್ಕದಲ್ಲೇ ಡಿಎಲ್ ಇದೆ, ಅದರ ಮೇಲೆ ಹುಟ್ಟಿದ ದಿನಾಂಕ ಇದೆ. ನೀವು 1986ರ ಆಗಸ್ಟ್ 12ರಂದು ಹುಟ್ಟಿದವರಾದರೆ ಪರ್ಸ್ ಸಿಕ್ಕವನು ಮೊದಲು 1208 ಒತ್ತುತ್ತಾನೆ, ಆಮೇಲೆ 1986, ಆಮೇಲೆ 0812. ಅವನಿಗೆ ಇದ್ದದ್ದೇ ಮೂರು ಅವಕಾಶ, ನೋಡಿ, ಸರಿಯಾಗಿ ಅಷ್ಟೇ ಸಾಕಾಯಿತು. ಹೆಂಡತಿಯದೋ ಮಗಳದೋ ಹುಟ್ಟುಹಬ್ಬ ಇಟ್ಟರೂ ದೊಡ್ಡ ವ್ಯತ್ಯಾಸ ಇಲ್ಲ, ವರ್ಷಕ್ಕೆ ಇರುವುದೇ 366 ದಿನ. ಹತ್ತು ಸಾವಿರ ಹೋಗಿ 366 ಆಯಿತು. ಗಾಡಿ ನಂಬರ್ ಇಡುವವರಂತೂ ಆರ್‌ಸಿಯನ್ನೂ ಅದೇ ಪರ್ಸಿನಲ್ಲಿ ಇಟ್ಟಿರುತ್ತಾರೆ.

ಹಾಗಾದರೆ ಯಾರಿಗೂ ಹೊಳೆಯದ ನಂಬರ್ ಯೋಚಿಸುತ್ತೇನೆ ಅಂತ ಕೂತರೆ ಅದೂ ಕೆಲಸ ಮಾಡುವುದಿಲ್ಲ. ನಮಗೆ ಹೊಳೆಯುವುದು ಬೇರೆಯವರಿಗೂ ಹೊಳೆಯುತ್ತದೆ: ಕೀಪ್ಯಾಡಿನ ನಡುವೆ ಮೇಲಿಂದ ಕೆಳಕ್ಕೆ 2580, ಜೋಡಿ 1212, ಹಿಂದುಮುಂದು 4321. 2009ರಲ್ಲಿ ರಾಕ್‌ಯೂ ಅನ್ನುವ ಕಂಪನಿಯಿಂದ 3 ಕೋಟಿಗೂ ಜಾಸ್ತಿ ಪಾಸ್‌ವರ್ಡ್ ಸೋರಿಹೋದಾಗ ಎಲ್ಲಕ್ಕಿಂತ ಹೆಚ್ಚು ಜನ ಇಟ್ಟಿದ್ದು 123456. ಅವರೆಲ್ಲ ಪರಸ್ಪರ ಮಾತಾಡಿಕೊಂಡು ಇಟ್ಟಿದ್ದಲ್ಲ.

ಅದಕ್ಕೇ ಆರಿಸುವ ಕೆಲಸ ನಿಮ್ಮ ತಲೆಗೆ ಕೊಡಬೇಡಿ. ಮನೆಯಲ್ಲಿ ತಂಬೋಲ ಆಡುವ ಡಬ್ಬಿ ಇದ್ದರೆ ತುಂಬಾ ಒಳ್ಳೆಯದು. 1ರಿಂದ 90ರವರೆಗಿನ ಬಿಲ್ಲೆಗಳನ್ನು ಚೀಲಕ್ಕೆ ಹಾಕಿ ಕುಲುಕಿ ಒಂದನ್ನು ತೆಗೆಯಿರಿ, ಅದರ ಕೊನೆಯ ಅಂಕಿ ಮಾತ್ರ ಬರೆದುಕೊಳ್ಳಿ. 47 ಬಂದರೆ 7, 80 ಬಂದರೆ 0. ಸೊನ್ನೆಯಿಂದ ಒಂಬತ್ತರವರೆಗೆ ಪ್ರತಿ ಅಂಕಿಯಲ್ಲೂ ಕೊನೆಯಾಗುವ ಬಿಲ್ಲೆ ಒಂಬತ್ತೊಂಬತ್ತೇ ಇರುವುದರಿಂದ ಯಾವ ಅಂಕಿಗೂ ಪಕ್ಷಪಾತ ಇಲ್ಲ. ತೆಗೆದ ಬಿಲ್ಲೆಯನ್ನು ವಾಪಸ್ ಹಾಕಿ, ಮತ್ತೆ ಕುಲುಕಿ, ಮುಂದಿನದು ತೆಗೆಯಿರಿ. ತಂಬೋಲ ಇಲ್ಲವಾದರೆ ಹತ್ತು ಚೀಟಿ ಬರೆದು ಟಿಫಿನ್ ಡಬ್ಬಿಗೆ ಹಾಕಿದರೂ ನಡೆಯುತ್ತದೆ.

ಇಲ್ಲಿ ಹೆಚ್ಚಿನವರು ಕೆಲಸ ಕೆಡಿಸಿಕೊಳ್ಳುವುದು ನಂಬರ್ ಬಂದ ಮೇಲೆ. 7 0 7 3 ಬಂದರೆ 'ಏ, ಏಳು ಎರಡು ಸಲ ಬಂತು' ಅಂತ ಬಿಸಾಡಿ ಮತ್ತೆ ಎತ್ತುತ್ತಾರೆ. ಬೇಡ. ನಾಲ್ಕೂ ಅಂಕಿ ಬೇರೆ ಬೇರೆ ಇರುವ ಪಿನ್ 5,040, ಯಾವುದಾದರೂ ಅಂಕಿ ಮತ್ತೆ ಬರುವ ಪಿನ್ 4,960. ಹೆಚ್ಚುಕಡಿಮೆ ಅರ್ಧಕ್ಕರ್ಧ! ಚೆನ್ನಾಗಿ ಕಾಣುವ ನಂಬರ್ ಬರುವ ತನಕ ಎತ್ತುತ್ತಾ ಹೋದರೆ ಕೊನೆಗೆ ಆರಿಸಿದವರು ನೀವೇ ಆಗುತ್ತೀರಿ. 1234, 1111 ಥರದ್ದೋ ನಿಮ್ಮದೇ ಹುಟ್ಟಿದ ವರ್ಷವೋ ಬಂದರೆ ಮಾತ್ರ ಇನ್ನೊಮ್ಮೆ ಎತ್ತಿ.

ಆರಂಕಿ ಇಡುವ ಅವಕಾಶ ಇದ್ದರೆ ಆರೇ ಇಡಿ. 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕು ಶುರು ಮಾಡಿದ ಹಣದ ಯಂತ್ರದ ಹಿಂದಿದ್ದ ಜಾನ್ ಶೆಫರ್ಡ್-ಬ್ಯಾರನ್ (ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ) ಆರಂಕಿಯೇ ಇಡೋಣ ಅಂದುಕೊಂಡಿದ್ದರಂತೆ, ಹೆಂಡತಿ ನನಗೆ ನಾಲ್ಕಕ್ಕಿಂತ ಜಾಸ್ತಿ ನೆನಪಿರುವುದಿಲ್ಲ ಅಂದಿದ್ದಕ್ಕೆ ನಾಲ್ಕಾಯಿತಂತೆ. ನೆನಪಿಗೆ ನಾನು ಹೇಳುವ ಉಪಾಯ ಒಂದೇ. ಹೊಸ ಪಿನ್ ಇಟ್ಟ ವಾರದಲ್ಲಿ ದಿನಾ ಅದನ್ನು ಬಳಸಿ, ಬೆರಳಿಗೇ ಅಭ್ಯಾಸ ಆಗುತ್ತದೆ. ಕಾರ್ಡಿನ ಕವರ್ ಮೇಲೆ ಬರೆಯುವುದು, ಫೋನಿನಲ್ಲಿ 'ಎಟಿಎಂ ಮಾಮ' ಅಂತ ಸೇವ್ ಮಾಡುವುದು ಕಳ್ಳರಿಗೂ ಗೊತ್ತಿರುವ ಜಾಣತನ.

ಪಾಸ್‌ವರ್ಡಿನ ಕಥೆಯೂ ಇದೇ. ಒಂದು ದೊಡ್ಡಕ್ಷರ, ಒಂದು ಚಿಹ್ನೆ, ಒಂದು ಅಂಕಿ ಇರಲೇಬೇಕು ಅಂದರೆ ನಾವು ದೊಡ್ಡಕ್ಷರ ಮೊದಲಿಗೆ, ಆಮೇಲೆ @, ಕೊನೆಗೆ 123 ಹಾಕುತ್ತೇವೆ. ಊಹಿಸುವ ಸಾಫ್ಟ್‌ವೇರ್ ಅದನ್ನೇ ಮೊದಲು ನೋಡುತ್ತದೆ. ಬದಲಿಗೆ ಒಂದು ದಪ್ಪ ಕನ್ನಡ ನಿಘಂಟು ತೆಗೆದುಕೊಳ್ಳಿ, ಮೂರು ಬಿಲ್ಲೆ ಎತ್ತಿ ಪುಟದ ಸಂಖ್ಯೆ ಮಾಡಿಕೊಳ್ಳಿ, ಆ ಪುಟದ ಮೊದಲ ಪದ ನಿಮ್ಮದು. ಸುಮ್ನೆ ಕಣ್ಣು ಮುಚ್ಚಿ ಪುಸ್ತಕ ತೆರೆಯಬೇಡಿ, ಯಾವಾಗಲೂ ನಡುವಿನ ಪುಟಗಳೇ ಸಿಗುತ್ತವೆ. ಹೀಗೆ ಆರು ಪದ ಆದ ಮೇಲೆ ಬಂದ ಸಾಲಿನಲ್ಲೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಅರ್ಥ ಬರಲಿ ಅಂತ ಹಿಂದುಮುಂದು ಮಾಡಬೇಡಿ. ಇಷ್ಟೆಲ್ಲ ಕಸರತ್ತು ಪ್ರತಿ ಅಕೌಂಟಿಗೂ ಬೇಕಿಲ್ಲ. ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್ ಒಂದಕ್ಕೆ, ಮುಖ್ಯ ಇಮೇಲಿಗೆ ಮಾಡಿ. ಉಳಿದದ್ದನ್ನು ಆ ಆ್ಯಪೇ ತನ್ನ ಪಾಡಿಗೆ ಹುಟ್ಟಿಸಿ ಇಟ್ಟುಕೊಳ್ಳುತ್ತದೆ.