ಡಯಟ್‌ನಲ್ಲಿದ್ದರೂ ಚೀಸ್ ಬಿಡಲಿಲ್ಲ, ನಾನು ಆರಿಸಿದ್ದು ಹೀಗೆ

ಡಯಟ್ ಶುರು ಮಾಡುವಾಗಲೇ ಚೀಸ್ ಬಿಡೋದಿಲ್ಲ ಅಂತ ತೀರ್ಮಾನಿಸಿದ್ದೆ. ಕೊಬ್ಬು ಕಡಿಮೆ ಇರುವುದನ್ನು ಹುಡುಕಿಕೊಂಡರೆ ಆಯ್ತು, ಅಲ್ವಾ?

ಪ್ಯಾಕೆಟ್ ಮೇಲೆ ದೊಡ್ಡದಾಗಿ 'ರೆಡ್ಯೂಸ್ಡ್ ಫ್ಯಾಟ್' ಅಂತ ಇರುತ್ತದಲ್ಲ, ಅದನ್ನು ನಾನು ನೋಡುವುದೇ ಇಲ್ಲ. ಅದೇ ಜಾತಿಯ ಮಾಮೂಲಿ ಚೀಸ್‌ಗಿಂತ ಕಡಿಮೆ ಅಂತಷ್ಟೇ ಅದರ ಲೆಕ್ಕ. ಅಮೆರಿಕದಲ್ಲಿ ಶೇಕಡಾ 25 ಕಡಿಮೆ ಇದ್ದರೆ ಹಾಗೆ ಬರೆಯಬಹುದು, ಯುರೋಪಿನಲ್ಲಿ ಶೇಕಡಾ 30. ಮಾಮೂಲಿ ಚೆಡ್ಡಾರ್‌ನಲ್ಲಿ 100 ಗ್ರಾಂಗೆ ಸುಮಾರು 33 ಗ್ರಾಂ ಕೊಬ್ಬು. ಕಾಲು ಭಾಗ ತೆಗೆದರೂ 25 ಗ್ರಾಂ ಉಳಿಯುತ್ತದೆ. ಮೊಝರೆಲ್ಲಾದಲ್ಲಿ ಏನೂ ತೆಗೆಯದಿದ್ದರೂ ಇರುವುದು ಸುಮಾರು 22 ಗ್ರಾಂ!

ಹಾಗಾಗಿ ಪ್ಯಾಕೆಟ್ ತಿರುಗಿಸಿ 100 ಗ್ರಾಂ ಲೆಕ್ಕದ ಸಾಲನ್ನೇ ಓದುತ್ತೇನೆ. ಕೊಬ್ಬಿಗಿಂತ ಪ್ರೋಟೀನ್ ಜಾಸ್ತಿ ಇದ್ದರೆ ಬುಟ್ಟಿಗೆ, ಇಲ್ಲದಿದ್ದರೆ ವಾಪಸ್. ಕೆನೆ ಸ್ವಲ್ಪ ತೆಗೆದ ಹಾಲಿನ ಮೊಝರೆಲ್ಲಾ ಇದರಲ್ಲಿ ಆರಾಮಾಗಿ ಪಾಸಾಗುತ್ತದೆ, ಕಾಟೇಜ್ ಚೀಸ್ (ಪನೀರ್ ಅಲ್ಲ, ಮೆತ್ತಗೆ ಕಾಳುಕಾಳಾಗಿರುವ ಹಸಿ ಚೀಸ್) ಅಂತೂ ಸರಿಯೇ. ಪಾರ್ಮೆಸಾನ್ ಕೂಡ ಪಾಸಾಗುತ್ತದೆ, ಆದರೆ ಅದರಲ್ಲಿ ಕೊಬ್ಬೂ ಉಪ್ಪೂ ಎರಡೂ ಜಾಸ್ತಿ, ಚಿಟಿಕೆ ಉದುರಿಸುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ರುಚಿ ಗಾಢವಾಗಿರುವುದರಿಂದ ಅಷ್ಟೇ ಸಾಕಾಗುತ್ತದೆ. ಉಪ್ಪಿನ ಸಾಲನ್ನೂ ನೋಡಿ, ಕೊಬ್ಬು ತೆಗೆದ ಕೆಲವು ಚೀಸ್‌ಗಳಿಗೆ ರುಚಿಗೋಸ್ಕರ ಅದನ್ನು ಜಾಸ್ತಿ ಹಾಕಿರುತ್ತಾರೆ. ಸೋಡಿಯಂ ಅಂತ ಬರೆದಿದ್ದರೆ 2.5ರಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ.

ಇನ್ನೊಂದು ವಿಷಯ. ಗೌಡಾ ತರದ ಯುರೋಪಿನ ಚೀಸ್‌ಗಳ ಮೇಲೆ 45 ಅಥವಾ 48 ಅಂತ ಶೇಕಡಾವಾರು ಹಾಕಿರುತ್ತಾರೆ. ಅದು ನೀರಿನ ಅಂಶ ಬಿಟ್ಟು ಉಳಿದದ್ದರಲ್ಲಿ ಎಷ್ಟು ಕೊಬ್ಬು ಅನ್ನುವ ಲೆಕ್ಕ. ಚೀಸ್‌ನಲ್ಲಿ 40 ಭಾಗ ನೀರಿದ್ದು ಅದರ ಮೇಲೆ 45 ಅಂತ ಇದ್ದರೆ ನಿಜವಾದ ಕೊಬ್ಬು 100 ಗ್ರಾಂಗೆ 27 ಗ್ರಾಂ. ಸುಮ್ನೆ ಆ ಅಂಕಿ ನೋಡಿ ಹೆದರಬೇಕಿಲ್ಲ.

ನನಗೆ ಹೆಚ್ಚು ಸಮಯ ಹಿಡಿದದ್ದು ಕರಗಿಸುವುದು. ಕೊಬ್ಬು ಕಡಿಮೆಯಾದಷ್ಟೂ ಪ್ರೋಟೀನ್ ಒತ್ತೊತ್ತಾಗಿ ಹೆಣೆದುಕೊಂಡಿರುತ್ತದೆ, ಬಿಸಿ ತಾಗಿದರೆ ಹರಡಿಕೊಳ್ಳುವ ಬದಲು ಮೇಲೆ ಒಣಗಿ ಸಿಪ್ಪೆ ಕಟ್ಟುತ್ತದೆ, ಕೆಳಗೆ ರಬ್ಬರ್ ತರ ಆಗುತ್ತದೆ. ಈಗ ನಾನು ಸ್ಲೈಸ್ ಬಿಟ್ಟು ಗಟ್ಟಿಯನ್ನೇ ತಂದು ಸಣ್ಣಗೆ ತುರಿಯುತ್ತೇನೆ, ಒಂದು ಹಿಡಿ ಮಾಮೂಲಿ ಚೀಸ್ ತುರಿ ಅದರ ಜೊತೆ ಬೆರೆಸುತ್ತೇನೆ, ಉರಿ ಸಣ್ಣದಿಟ್ಟು ಮುಚ್ಚಳ ಮುಚ್ಚುತ್ತೇನೆ. ಅಂಗಡಿಯ ರೆಡಿ ತುರಿಗೆ ಅಂಟದಿರಲಿ ಅಂತ ಪಿಷ್ಟ ಸೇರಿಸಿರುವುದರಿಂದ ಅದು ಅಷ್ಟು ಚೆನ್ನಾಗಿ ಕೂಡಿಕೊಳ್ಳುವುದಿಲ್ಲ. ಕೊಬ್ಬೇ ಇಲ್ಲದ ಚೀಸ್ ಮಾತ್ರ ಏನು ಮಾಡಿದರೂ ನನಗೆ ಸೇರಲಿಲ್ಲ. ರುಚಿಯೂ ಇಲ್ಲ, ಕರಗುವುದೂ ಇಲ್ಲ, ಅದನ್ನು ತಿನ್ನುವುದಕ್ಕಿಂತ ಒಳ್ಳೆ ಚೀಸ್ 15 ಗ್ರಾಂ ತಿನ್ನುವುದು ಮೇಲು.

ಬ್ರೆಡ್‌ಗೆ ಕ್ರೀಮ್ ಚೀಸ್ ಬದಲು ಕಾಟೇಜ್ ಚೀಸ್ ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿ ಕಾಳುಮೆಣಸು ಹಾಕಿ ಸವರುತ್ತೇನೆ. ಪ್ಯಾಕೆಟ್ ಮಾತ್ರ ಚಿಕ್ಕದೇ ತನ್ನಿ. ಕೊಬ್ಬು ಕಡಿಮೆ ಇರುವ ಚೀಸ್‌ಗಳಲ್ಲಿ ನೀರಿನಂಶ ಜಾಸ್ತಿ, ತೆರೆದ ಮೇಲೆ ಬೇಗ ಬೂಷ್ಟು ಹಿಡಿಯುತ್ತವೆ.