ತೂತಿನ ಡಿಸ್ಕ್ ಬಿಟ್ಟ ಮೇಲೆ

ಹೋದ ತಿಂಗಳು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕ್‌ನಿಂದ ಮರಳಿದವನೇ ಮುಂದಿನ ಚಕ್ರ ಬಿಚ್ಚಿಸಿ, ಗೋಣಿಕೊಪ್ಪದ ನಮ್ಮ ಮೇಸ್ತ್ರಿಗೆ ಬ್ರೇಕ್ ಡಿಸ್ಕ್ ತೋರಿಸಿದೆ. ಅವರು ಉಗುರು ಎಳೆದು ನೋಡಿದರು, ಟಾರ್ಚ್ ಹಾಕಿ ನೋಡಿದರು. "ಹೊಸದು ಹಾಕಿಸಿದಿರಾ?" ಎಂದರು. ಹೊಸದಲ್ಲ, ಐದು ಟ್ರ್ಯಾಕ್ ದಿನ ಕಂಡ ಡಿಸ್ಕ್ ಅದು. ಅದಕ್ಕೂ ಮೊದಲು ತೂತಿನ ಯಾವ ಜೋಡಿಯೂ ಎರಡು ದಿನ ದಾಟಿರಲಿಲ್ಲ.

ಕಾರು ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಎಂಜಿನ್ ಬಲ ಏರಿಸಿದ್ದೇನೆ, ತೂಕ ಇಳಿಸಿಲ್ಲ. 2.1 ಕಿ.ಮೀ. ಸುತ್ತಿನಲ್ಲಿ ಬ್ರೇಕ್ ಆರುವುದಕ್ಕೆ ಪುರಸೊತ್ತೇ ಸಿಗುವುದಿಲ್ಲ. ಮೊದಲು ಅಂದಕ್ಕೆ ಮರುಳಾಗಿ ತೂತು ಕೊರೆದ ಡಿಸ್ಕ್ ತಂದೆ, ಜೋಡಿಗೆ ಸುಮಾರು 26,000 ರೂಪಾಯಿ. ಎರಡನೆಯ ಸಲಕ್ಕೇ ತೂತಿನಿಂದ ತೂತಿಗೆ ಬಿರುಕು. ಮಾರಿದವನು ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸರಿಯಿಲ್ಲ ಎಂದ. ಪ್ಯಾಡಿಗೆ 11,000 ಸುರಿದೆ, ಮತ್ತೊಂದು ಜೋಡಿ ತೂತಿನದೇ ಹಾಕಿದೆ, ಅದೂ ಸೀಳಿತು. ತೂತಿನ ಬದಲು ಮುಖಕ್ಕೆ ಗೀರು ಕೊರೆದ ಡಿಸ್ಕ್ ಸ್ವಲ್ಪ ಹೆಚ್ಚು ಬಾಳಿತು, ಅಷ್ಟೇ. ಒಟ್ಟು ಲಕ್ಷ ದಾಟಿರಬೇಕು. ಆ ವರ್ಷದ ಕರಿಮೆಣಸಿನ ದುಡ್ಡು ಹೋದ ದಾರಿ ಅದು.

"ಮಾಕುಟ್ಟ ಘಾಟಿಯಲ್ಲಿ ಮರ ತುಂಬಿದ ಲಾರಿ ಇಳಿಸಿದವನು ನಾನು. ಒಂದು ಬ್ರೇಕ್ ಡ್ರಮ್ಮೂ ಸೀಳಲಿಲ್ಲ. ನಿನ್ನ ಕಾಲೇ ಭಾರ" ಎಂದು ಮಾವ ನಕ್ಕರು. ಕಾಲು ಭಾರ ನಿಜ. ಆದರೆ ಡಿಸ್ಕ್ ಸೀಳುವುದು ಬರೀ ಬಿಸಿಗಲ್ಲ. ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಿರುವುದಕ್ಕೆ, ಕಾದದ್ದು ಗಕ್ಕನೆ ಆರುವುದಕ್ಕೆ. ಇದು ತಲೆಗೆ ಹೋಗಲು ನನಗೆ ಎರಡು ವರ್ಷ ಬೇಕಾಯಿತು.

ಡಿಸ್ಕ್ ಆರಲೆಂದು ಗಾಳಿ ಕೊಡುವ ಮೊದಲ ಪ್ರಯತ್ನ ನಗೆಪಾಟಲು. ಫಾಗ್ ಲ್ಯಾಂಪ್ ತೆಗೆದು, ಆ ಕಿಂಡಿಯಿಂದ ತೋಟದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಪೈಪನ್ನೇ ಡಿಸ್ಕಿನ ಒಳಮುಖಕ್ಕೆ ತಿರುಗಿಸಿದೆ. ನಾಲ್ಕನೆಯ ಸುತ್ತಿಗೆ ಪೈಪು ಕರಗಿ ನಾತ ಹೊಡೆಯಿತು. ಬಿಸಿ ತಡೆಯುವ ಪೈಪು ಹಾಕಿದ ಮೇಲೆ ಸ್ಟೀರಿಂಗ್ ನಡುಗಲು ಶುರುವಾಯಿತು: ಒಳಮುಖ ಮಾತ್ರ ತಣ್ಣಗಾಗಿ ಡಿಸ್ಕ್ ತಟ್ಟೆಯಂತೆ ಬಾಗುತ್ತಿತ್ತು.

ನಡುವೆ ಇನ್ನೊಂದು ಹುಚ್ಚಾಟ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಪಂಪನ್ನು ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಪಿಟ್‌ಗೆ ಒಯ್ದು, ಕಾದ ಡಿಸ್ಕಿಗೆ ನೀರು ಸಿಂಪಡಿಸಿದೆ. ಚಟ್ ಎಂದ ಸದ್ದು ಪಕ್ಕದ ಪಿಟ್‌ನವರಿಗೂ ಕೇಳಿಸಿತು. ಅಂಚಿನವರೆಗೂ ಬಿರುಕು. ಪಂಪಿಗೇನೂ ಆಗಲಿಲ್ಲ, ಈಗಲೂ ತೋಟದಲ್ಲಿದೆ.

ಕೊನೆಗೆ ತೂತೂ ಗೀರೂ ಇಲ್ಲದ, ಒಳಗೆ ಗಾಳಿಗಿಂಡಿ ಇರುವ ಮಾಮೂಲಿ ಡಿಸ್ಕ್ ಹಾಕಿದೆ, ಜೋಡಿಗೆ 9,000. ಡಿಸ್ಕಿನ ಹಿಂದೆ ಧೂಳು ತಡೆಯುವ ತಗಡು ಕತ್ತರಿಸಿ, ಮೂರಿಂಚಿನ ಪೈಪಿನ ಬಾಯನ್ನು ಡಿಸ್ಕಿನ ಮುಖಕ್ಕಲ್ಲ, ಚಕ್ರ ಕೂರುವ ಹಬ್‌ ಪಕ್ಕದ ನಡುಗಿಂಡಿಗೇ ಕೂರಿಸಿದೆ. ಆಮೇಲೆ ಡಿಸ್ಕ್ ತಾನೇ ಫ್ಯಾನಿನಂತೆ ಗಾಳಿ ಎಳೆದು ಹೊರಗೆ ಎಸೆಯುತ್ತದೆ, ಎರಡೂ ಮುಖ ಸಮನಾಗಿ ಆರುತ್ತವೆ. ಡಿಸ್ಕ್ ಬಿಟ್ಟು ಪೈಪಿನ ಕೆಲಸವೆಲ್ಲ ಸೇರಿ ನಾಲ್ಕು ಸಾವಿರದೊಳಗೆ. ಆ ಬಾಯನ್ನು ಯಾವುದರಿಂದ ಮಾಡಿದೆ, ಎಷ್ಟು ಅಂತರ ಬಿಟ್ಟೆ ಎಂಬುದನ್ನು ಮಾತ್ರ ಕೇಳಬೇಡಿ. ಮೂರು ಬಾಯಿ ಹಾಳು ಮಾಡಿ ಕಲಿತದ್ದು.

ಡಿಸ್ಕ್ ಎಷ್ಟು ಕಾಯುತ್ತದೆಂದು ತಿಳಿಯಲು, ಗೊತ್ತಾದ ಬಿಸಿಗೆ ಬೆಳ್ಳಗಾಗುವ ಶಾಖದ ಬಣ್ಣ ಅಂಚಿಗೆ ಬಳಿದು ನೋಡುತ್ತಿದ್ದೆ. ಮೊದಲೆಲ್ಲ 430 ಡಿಗ್ರಿಯ ಹಸಿರು, 560ರ ಕಿತ್ತಳೆ, 610ರ ಕೆಂಪು ಮೂರೂ ಬೆಳ್ಳಗಾಗುತ್ತಿದ್ದವು. ಈಗ ಹಸಿರು ಹೋಗುತ್ತದೆ, ಕಿತ್ತಳೆ ಅಲ್ಲಲ್ಲಿ ಮಾಸುತ್ತದೆ, ಕೆಂಪು ಹಾಗೇ ಇರುತ್ತದೆ. ಕೂದಲೆಳೆಯ ಗೆರೆಗಳು ಬಂದಿವೆ, ಉಗುರಿಗೆ ಸಿಗುವುದಿಲ್ಲ. ಸಿಕ್ಕ ದಿನ ಬಿಸಾಡುತ್ತೇನೆ.

ಟ್ರ್ಯಾಕಿನಲ್ಲಿ ಈಗ ಆರು ಸುತ್ತು ಜೋರು, ಆಮೇಲೆ ಡಿಸ್ಕ್ ಆರಲೆಂದು ಒಂದೂವರೆ ಸುತ್ತು ಬ್ರೇಕ್ ಮುಟ್ಟದೆ ನಿಧಾನ. ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು ಕೊಡುತ್ತೇನೆ, ಪ್ಯಾಡ್ ಒಂದೇ ಕಡೆ ಕೂತು ಅಲ್ಲಿ ಮಾತ್ರ ಬಿಸಿ ಉಳಿಯಬಾರದೆಂದು ಆಗಾಗ ಕಾರನ್ನು ಅರ್ಧ ಚಕ್ರ ಮುಂದೆ ತಳ್ಳುತ್ತೇನೆ. ಪಕ್ಕದವರು ಇದನ್ನು ನೋಡಿ ನಗುತ್ತಿದ್ದರು. ಕಳೆದ ಸಲ ಅವರಲ್ಲೊಬ್ಬರ ಡಿಸ್ಕ್ ಸೀಳಿತು, ತೂತಿನದೇ.

ಈಗ ಬಲಗಡೆಯ ವೀಲ್ ಬೇರಿಂಗ್ ಗೊರಗುಡುತ್ತಿದೆ. ಕಾಫಿ ಕುಯಿಲು ಮುಗಿಯಲಿ, ನೋಡುತ್ತೇನೆ.