ಎಂಟು ಸಾವಿರದ ಅನುದಾನ: ನನ್ನ ಅನುಭವ

ಮುಂಬಯಿ, ಠಾಣೆ, ನವಿ ಮುಂಬಯಿಯ ಕನ್ನಡ ಸಂಘಗಳಲ್ಲಿ, ಭಜನಾ ಮಂಡಳಿಗಳಲ್ಲಿ ಕಾರ್ಯಕರ್ತರೆಂದರೆ ಯಾರೆಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು: ಬ್ಯಾಂಕಿನಿಂದ ನಿವೃತ್ತರಾದವರು, ಹೋಟೆಲ್ ಮಾಲಕರು, ಅವರ ಮನೆಯವರು. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ನಾಕಾದಲ್ಲಿ, ಅಂದರೆ ರಸ್ತೆಯ ಕೂಡುವೆಡೆಯಲ್ಲಿ, ಕೂಲಿಗೆ ನಿಲ್ಲುವವರು, ನಾಲ್ಕಾರು ಮನೆಗಳ ಪಾತ್ರೆ ತೊಳೆಯುವ ಹೆಂಗಸರು, ಹೋಟೆಲ್ ಹುಡುಗರು ನಮ್ಮ ಶಿಬಿರಗಳಿಗೆ ಬಂದರೂ ಸಾಲಿನಲ್ಲಿ ನಿಲ್ಲುತ್ತಾರೆಯೇ ಹೊರತು ಮೇಜಿನ ಹಿಂದೆ ಕೂರುವುದಿಲ್ಲ. ಇವರನ್ನು ಕಾರ್ಯಕರ್ತರನ್ನಾಗಿ ತೆಗೆದುಕೊಳ್ಳುವ ಚಿಕ್ಕ ಸಂಘಗಳಿಗೆ ನಮ್ಮ ಟ್ರಸ್ಟಿನಿಂದ ಏಳೆಂಟು ಸಾವಿರ ರೂಪಾಯಿಯ ಅನುದಾನ ಕೊಡೋಣವೆಂದು ನಾನು ಪ್ರಸ್ತಾವವಿಟ್ಟಾಗ, "ದುಡ್ಡು ಕೊಟ್ಟು ಕರೆದರೆ ಅದು ಸೇವೆ ಹೇಗಾದೀತು ಮಾರಾಯ್ರೆ?" ಎಂದು ನಮ್ಮ ಕೋಶಾಧಿಕಾರಿಗಳು ನಕ್ಕರು. ಈಗ ಚೆಕ್ಕಿಗೆ ಮೊದಲು ಸಹಿ ಹಾಕುವವರು ಅವರೇ.

ಹಣ ಹೊಂದಿಸುವುದೇ ಮೊದಲ ತಲೆನೋವಾಗಿತ್ತು. ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಂತೆ ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ (ಸಿಎಸ್ಆರ್) ಖರ್ಚು ಮಾಡಬೇಕಾದ, ಲಾಭದ ಶೇಕಡಾ 2ರ ಹಣ ದೊಡ್ಡದೇನೋ ಹೌದು. ಆದರೆ 2021ರ ಏಪ್ರಿಲ್‌ನಿಂದ ಅದನ್ನು ಪಡೆಯುವ ಸಂಸ್ಥೆಗೆ ಸರಕಾರದಲ್ಲಿ ಸಿಎಸ್ಆರ್-1 ನೋಂದಣಿ ಬೇಕು, ಅದರೊಂದಿಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿಗಳೂ ಬೇಕು. ಚಾಳಿನ ಭಜನಾ ಮಂಡಳಿಗೆ ಇವೆಲ್ಲಿಂದ ಬರಬೇಕು? ನಮ್ಮ ಮೂಲಕ ಕೇಳಿದರೆ, ಕಂಪನಿಯವರು ಎಂಟು ಸಾವಿರದ ಕೆಲಸಕ್ಕೆ ಎಂಬತ್ತು ಫೋಟೋ ಕೇಳುತ್ತಾರೆ. ಅಮೆರಿಕದ ಪೌರತ್ವ ಪಡೆದ ಹಳೆಯ ಸದಸ್ಯರೊಬ್ಬರು ಕೊಡಲು ಮುಂದೆ ಬಂದರು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಅಂತಹ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ಹಂಚುವಂತಿಲ್ಲವಾದ್ದರಿಂದ ಅದೂ ಕೈಬಿಟ್ಟಿತು. ಕೊನೆಗೆ ನಮ್ಮ ಹೋಟೆಲಿನವರೇ ಗತಿಯಾದರು. ಮೊದಲ ವರ್ಷ ಎಪ್ಪತ್ತು ಸಾವಿರದ ಆಸುಪಾಸು ಸೇರಿತ್ತು, ಈಗ ಒಂದೂವರೆ ಲಕ್ಷದವರೆಗೆ ಬರುತ್ತದೆ.

ಮೊದಲ ವರ್ಷದ ಹಣವೆಲ್ಲ ಬ್ಯಾನರು, ಟೀ ಶರ್ಟು, ಶಾಲು, ಸ್ಮರಣಿಕೆಗಳಿಗೆ ಹೋಯಿತು. ಹೊಸ ಮುಖಗಳು ಫೋಟೋದಲ್ಲಿದ್ದವು, ಮುಂದಿನ ತಿಂಗಳು ಇರಲಿಲ್ಲ. ಮರುವರ್ಷ ಸಮಿತಿಯ ಒತ್ತಾಯದಿಂದ, ಬಿಲ್ಲು ತಂದ ಮೇಲೆ ಹಣ ಎಂಬ ನಿಯಮ ಬಂತು. ದಿನಗೂಲಿಯವರು ಕೈಯಿಂದ ಮೊದಲು ಖರ್ಚು ಮಾಡಿ ಆಮೇಲೆ ವಸೂಲು ಮಾಡಿಕೊಳ್ಳಲಿ ಎನ್ನುವುದು ಸಂಬಳದವರ ಯೋಚನೆ. ಆ ವರ್ಷ ಅರ್ಧಕ್ಕಿಂತ ಹೆಚ್ಚು ಹಣ ಬ್ಯಾಂಕಿನಲ್ಲೇ ಉಳಿಯಿತು.

ಮೂರನೆಯ ವರ್ಷ ನಾನು ಹಟ ಹಿಡಿದು ಅರ್ಜಿಯ ಪ್ರಶ್ನೆಗಳನ್ನೇ ಬದಲಿಸಿದೆ: ಕಾರ್ಯಕ್ರಮ ಯಾವುದು ಎಂದು ಕೇಳುವುದನ್ನು ನಿಲ್ಲಿಸಿ, ನೀವು ಕರೆತರಬೇಕೆಂದಿರುವ ವ್ಯಕ್ತಿ ಬಾರದಂತೆ ತಡೆಯುತ್ತಿರುವುದು ಏನು, ಅದಕ್ಕೆ ಎಷ್ಟು ಬೀಳುತ್ತದೆ ಎಂದು ಕೇಳಿದೆವು. ತುರ್ಭೆಯ ಒಬ್ಬ ಹೆಂಗಸಿನ ಲೆಕ್ಕ ಹೀಗಿತ್ತು: ಭಾನುವಾರ ಐದು ಮನೆಗಳಲ್ಲಿ ಖಾಡಾ (ಕೆಲಸಕ್ಕೆ ಗೈರು) ಬಿದ್ದರೆ ಕಡಿತವಾಗುವ ಪಗಾರ ಸುಮಾರು ನಾನೂರು, ಹೋಗಿಬರುವ ರಿಕ್ಷಾ ನೂರರಷ್ಟು, ಮಗುವನ್ನು ನೋಡಿಕೊಳ್ಳುವ ನೆರೆಮನೆಯವಳಿಗೆ ನೂರು. ಈ ಆರುನೂರನ್ನು ಹಿಂದಿನ ಸಂಜೆಯೇ ಕೈಗೆ ಕೊಟ್ಟೆವು. ಆಕೆಗೆ ಚಹಾ ಹಂಚುವ ಕೆಲಸ ಕೊಡಕೂಡದೆಂಬುದು ನಮ್ಮ ಷರತ್ತು. ಆರೋಗ್ಯ ಶಿಬಿರದ ನೋಂದಣಿ ಮೇಜಿನಲ್ಲಿ ಕೂರಿಸಿದೆವು. ನಮ್ಮ ನಿವೃತ್ತರು "ಸಕ್ಕರೆ ಕಾಯಿಲೆ ಇದೆಯೇ?" ಎಂದು ಕೇಳಿ "ಇಲ್ಲ" ಎಂದು ಬರೆದುಕೊಳ್ಳುತ್ತಿದ್ದ ಜಾಗದಲ್ಲಿ ಆಕೆ, "ಯಕ್ಕಾ, ಗುಳಿಗಿ ಖಾಲಿ ಆಗಿ ಎಷ್ಟ ದಿನಾ ಆತು?" ಎಂದು ಕೇಳಿದಳು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಚೀಲದಿಂದ ಡಾಕ್ಟರ ಹಳೆಯ ಚೀಟಿ ತೆಗೆಯತೊಡಗಿದ್ದನ್ನು ಕೋಶಾಧಿಕಾರಿಗಳು ಪಕ್ಕದಲ್ಲೇ ನಿಂತು ನೋಡಿದರು. ಆಮೇಲೆ ನಾನು ವಾದಿಸಬೇಕಾಗಲಿಲ್ಲ.

ಸಭೆಯ ಹೊತ್ತು ಬದಲಿಸಲು ಹಣ ಬೇಕಿಲ್ಲ, ಆದರೂ ಅದೇ ಹೆಚ್ಚು ಕಷ್ಟದ್ದು. ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಎನ್ನುವುದು ಕಚೇರಿಯವರ ಹೊತ್ತು. ಅದರ ಮೇಲೆ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವುದು, ಬೇರೆ. ಊಟದ ಗದ್ದಲ ಮುಗಿದು ಸಂಜೆಯ ಚಹಾದ ಗಿರಾಕಿಗಳು ಬರುವವರೆಗೆ ಹೋಟೆಲ್ ಹುಡುಗರಿಗೆ ಬಿಡುವಿರುತ್ತದೆ. ಸಭೆಯನ್ನು ವಾರದ ದಿನ ಮೂರೂವರೆಗೆ ಇಟ್ಟುಕೊಂಡ ಮಂಡಳಿಗಳಲ್ಲಿ ಹುಡುಗರು ಉಳಿದರು, ಉಳಿದೆಡೆ ಬಂದಷ್ಟೇ ಬೇಗ ಹೋದರು.

ಲೆಕ್ಕಪರಿಶೋಧಕರ ಕಾಟದ ಬಗ್ಗೆ ಹಲವರು ಕೇಳುತ್ತಾರೆ. ಒಬ್ಬರಿಗೆ ಒಂದು ದಿನಕ್ಕೆ 10,000 ರೂಪಾಯಿ ಮೀರಿ ನಗದು ಕೊಟ್ಟರಷ್ಟೇ ಟ್ರಸ್ಟಿಗೆ ತೆರಿಗೆಯ ತೊಡಕು. ನಾವು ಒಬ್ಬೊಬ್ಬರ ಕೈಗೆ ಕೊಡುವ ಮೊತ್ತ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹೆಸರು, ದಿನ, ಕೆಲಸ, ಸಹಿ ಅಥವಾ ಹೆಬ್ಬೆಟ್ಟು ಇರುವ ಓಚರು ಸಾಕು. ಖಾಡಾದ ಹಣವನ್ನು ಯಾವ ಬಾಬ್ತಿನಲ್ಲಿ ತೋರಿಸುತ್ತೇವೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ನಿಮ್ಮ ಆಡಿಟರ್ ಜೊತೆ ಕುಳಿತರೆ ಹೊಳೆಯುತ್ತದೆ.

ನಡುವೆ ಮೊಬೈಲ್ ರೀಚಾರ್ಜ್ ಮಾಡಿಸಿಕೊಟ್ಟು ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ನಡೆಸಲು ನೋಡಿದೆವು. ನಾಲ್ಕೈದು ಸಾವಿರ ಖರ್ಚಾಯಿತು, ಚರ್ಚೆ ಆಗಲಿಲ್ಲ. ಇಲ್ಲಿಯೇ ಹುಟ್ಟಿದ ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದುವುದು ಮರಾಠಿ. ಅದೇ ಸೂಚನೆಯನ್ನು ದೇವನಾಗರಿ ಲಿಪಿಯಲ್ಲಿ ಕನ್ನಡವಾಗಿಯೇ ಬರೆದು ಹಾಕಿದಾಗ ಉತ್ತರಗಳು ಬಂದವು, ಧ್ವನಿ ಸಂದೇಶಕ್ಕೆ ಇನ್ನೂ ಹೆಚ್ಚು ಬಂದವು. ಲಿಪಿ ಬಿಟ್ಟೆವೆಂದು ಹಿರಿಯರು ಮುನಿಸಿಕೊಂಡರು, ಆ ಮುನಿಸು ಇನ್ನೂ ಹೋಗಿಲ್ಲ.

ಕಳೆದ ವರ್ಷ ಹನ್ನೆರಡೋ ಹದಿಮೂರೋ ಮಂಡಳಿಗಳಿಗೆ ಕೊಟ್ಟೆವು. ಹೊಸಬರಲ್ಲಿ ಮೂವತ್ತರಷ್ಟು ಜನ ಈಗಲೂ ಕೆಲಸ ಮಾಡುತ್ತಿದ್ದಾರೆ. ಪುಣೆಯ ಗೆಳೆಯರೂ ನಮ್ಮ ಅರ್ಜಿಯ ನಮೂನೆ ಕೇಳಿದ್ದಾರೆ. ಅವರಿಗೆ ನಾನು ಹೇಳಿದ್ದು ಇಷ್ಟೇ: ಅರ್ಜಿಗಳನ್ನು ಗಣೇಶೋತ್ಸವಕ್ಕೆ ಮೊದಲೇ ತರಿಸಿಕೊಳ್ಳಿ, ಆಮೇಲೆ ಮಂಡಳಿಯವರು ಯಾರೂ ಕೈಗೆ ಸಿಗುವುದಿಲ್ಲ, ದಸರೆಯೊಳಗೆ ಹಣ ಕೊಟ್ಟುಬಿಡಿ, ದೀಪಾವಳಿಗೆ ಊರಿಗೆ ಹೋದವರು ಮರಳುವುದು ತಡವಾಗುತ್ತದೆ.